ಮೇಷ್ಟ್ರ ವ್ಯಾಗನ್ ಆರ್: ಮೂರು ಲಕ್ಷದ ಹಳೇ ಕಾರು, 14 ತಿಂಗಳ ಮೇಲೆ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. 2017ರ ಮಾರುತಿ ವ್ಯಾಗನ್ ಆರ್, ಪೆಟ್ರೋಲ್, ಕೆಎ 11 ಅಂದರೆ ಮಂಡ್ಯ ನಂಬರ್, ಸಿಂಗಲ್ ಓನರ್ (ಅಲ್ಲಿನ ಒಬ್ಬ ರಿಟೈರ್ಡ್ ಮೇಷ್ಟ್ರು), ಕೈಗೆ ಬಂದಾಗ 46,000 ಕಿಲೋಮೀಟರ್ ಓಡಿತ್ತು. 2024ರ ಶ್ರಾವಣದಲ್ಲಿ 3 ಲಕ್ಷದ 15 ಸಾವಿರ ಕೊಟ್ಟು ಮೈಸೂರಿಗೆ ತಂದೆ. ಈಗ ಮೀಟರ್ 61,000 ದಾಟಿದೆ. ದಾರಿಯಲ್ಲಿ ಕೈ ಕೊಟ್ಟಿದ್ದು ಒಂದೇ ಸಲ, ಅದೂ ನನ್ನ ತಪ್ಪಿನಿಂದ.

ಇದನ್ನು ಬರೆಯೋಕೆ ಕಾರಣ ಏನಂದರೆ, ನಾನು ಕಾರು ತಂದ ಮೇಲೆ ಆಫೀಸಿನಲ್ಲಿ, ನೆಂಟರಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, "ಕಡಿಮೆ ದುಡ್ಡಲ್ಲಿ ಯಾವ ಮಾಡೆಲ್ ತಗೊಳ್ಳೋದು ಹೇಳಪ್ಪ" ಅಂತ. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸಲ್ಲ. ಮಾಡೆಲ್ ಆಮೇಲೆ ನೋಡಿ, ಮೊದಲು ಗಾಡಿ ಇಟ್ಟುಕೊಂಡಿದ್ದವರನ್ನು ನೋಡಿ ಅಂತೀನಿ. ನಮ್ಮಪ್ಪ ಹಸು ಕೊಳ್ಳೋಕೆ ಹೋದರೆ ಹಸುವಿಗಿಂತ ಮುಂಚೆ ಕೊಟ್ಟಿಗೆಯೊಳಗೆ ಇಣುಕುತ್ತಿದ್ದರು. ಗೊಂತು ಹೇಗಿದೆ, ನೆಲ ಒಣಗಿದೆಯಾ, ಮಿಕ್ಕ ದನದ ಮೈ ಹೇಗಿದೆ ಅಂತ. ಹಳೇ ಕಾರಿಗೂ ಅದೇ ಲೆಕ್ಕ ಅನ್ನೋದು ನನಗೆ ಗೊತ್ತಾಗೋಕೆ ಮೂರು ತಿಂಗಳು, ಐದು ಸಾವಿರ ರೂಪಾಯಿ ಖರ್ಚಾಯಿತು.

ನಾವು ಇರೋದು ಮೈಸೂರಿನ ದಟ್ಟಗಳ್ಳಿಯಲ್ಲಿ. ಕೆಲಸ ಇಲ್ಲಿನದೇ ಹೆಬ್ಬಾಳದ ಕೈಗಾರಿಕಾ ಪ್ರದೇಶ. ಮಕ್ಕಳ ಸ್ಕೂಲು ಕುವೆಂಪುನಗರ. ಅಪ್ಪ ಅಮ್ಮ ಪಾಂಡವಪುರದ ಹತ್ತಿರ ಹಳ್ಳಿಯಲ್ಲಿ ಇದ್ದಾರೆ. ಅಮ್ಮನಿಗೆ ಮಂಡಿನೋವು, ತಿಂಗಳಿಗೆ ಒಂದೆರಡು ಸಲ ಮೈಸೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಬರಬೇಕು. ಅಷ್ಟು ವರ್ಷ ಸ್ಕೂಟರು, ಬಸ್ಸು, ಆಗಾಗ ಬಾಡಿಗೆ ಕಾರು ಅಂತ ತಳ್ಳಿದೆವು. ಸ್ಕೂಟರ್ ಮೇಲೆ ನಾಲ್ಕು ಜನ ಹೋಗುವ ವಯಸ್ಸು ಮಕ್ಕಳಿಗೆ ಮುಗಿದಿತ್ತು. ಕೈಯಲ್ಲಿ ಸಾಲ ಇಲ್ಲದೆ 3 ಲಕ್ಷದ 70 ಸಾವಿರ ಇತ್ತು. ಹೊಸ ಕಾರಿಗೆ ಸಾಲ ಮಾಡಿ ಏಳು ವರ್ಷ ಕಂತು ಕಟ್ಟೋದು ನನ್ನ ಹೆಂಡತಿಗೂ ಬೇಡ, ನನಗೂ ಬೇಡ.

ನಮ್ಮ ಮನೆಗೆ ಹಳಬರಾದ ಒಬ್ಬ ಮೆಕ್ಯಾನಿಕ್ ಇದ್ದಾರೆ, ಬನ್ನಿಮಂಟಪದ ಕಡೆ ಗ್ಯಾರೇಜು. ಅಪ್ಪನ ಲೂನಾ ಕಾಲದಿಂದ ಪರಿಚಯ, ಎಲ್ಲರೂ ಭಾಯ್ ಅಂತಲೇ ಕರೆಯೋದು. ಅವರ ಮೊದಲ ಮಾತು: "ನಿನ್ ಹತ್ರ ಎಷ್ಟಿದೆಯೋ ಅಷ್ಟಕ್ಕೂ ಗಾಡಿ ತಗೋಬೇಡಪ್ಪ. ಐವತ್ತು ಸಾವಿರ ಪಕ್ಕಕ್ಕಿಡು. ಹಳೇ ಗಾಡಿ ಮನೆಗ್ ಬಂದ ಮೇಲೂ ದುಡ್ ಕೇಳ್ತದೆ." ನಾನು ಆಗ ಸುಮ್ನೆ ತಲೆ ಆಡಿಸಿದ್ದೆ. ಆ 50 ಸಾವಿರ ಹೇಗೆ ಕರಗಿತು ಅಂತ ಕೆಳಗೆ ಬರುತ್ತೆ.

ಆದರೆ ಅವರನ್ನು ಕರೆದುಕೊಂಡು ಹೋಗುವ ಮುಂಚೆಯೇ ನಾನೊಂದು ದಡ್ಡತನ ಮಾಡಿದೆ. ರಿಂಗ್ ರೋಡ್ ಪಕ್ಕದ ಒಂದು ಸೆಕೆಂಡ್ ಹ್ಯಾಂಡ್ ಯಾರ್ಡಿಗೆ ಭಾನುವಾರ ಮನೆಮಂದಿ ಎಲ್ಲ ಹೋದೆವು. ಅಲ್ಲಿ ಒಂದು ಕೆಂಪು ಐ10. ಥಳಥಳ ಹೊಳೆಯುತ್ತಿತ್ತು. ಒಳಗೆ ಹೊಸ ಸೀಟ್ ಕವರ್, ಗಂಧದ ಸೆಂಟು, ಬಾನೆಟ್ ತೆಗೆದರೆ ಎಂಜಿನ್ ಕೂಡ ತೊಳೆದ ಪಾತ್ರೆ ಹಾಗೆ. ಮೀಟರ್ 41,000. ಮಗಳು ಹಿಂದಿನ ಸೀಟಿನಲ್ಲಿ ಕೂತು ಇಳಿಯಲೇ ಒಲ್ಲೆ ಅಂದಳು. ಅಂಗಡಿಯವನು ಒಳ್ಳೆ ಮಾತುಗಾರ, "ಸಾರ್, ಸಂಜೆಗೆ ಇನ್ನೊಂದ್ ಪಾರ್ಟಿ ಬರ್ತಾ ಇದೆ" ಅಂದ. 5,000 ಅಡ್ವಾನ್ಸ್ ಕೊಟ್ಟು ಬಂದೆ. ರಸೀದಿ ಕೂಡ ಕೇಳಲಿಲ್ಲ.

ಸೋಮವಾರ ಭಾಯ್ ಬಂದು ನೋಡಿದರು. ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ, ಸೀದಾ ಡ್ರೈವರ್ ಬಾಗಿಲು ತೆಗೆದು ಕೆಳಗೆ ಬಗ್ಗಿದರು. ಬ್ರೇಕ್ ಪೆಡಲಿನ ರಬ್ಬರ್ ಒಂದು ಕಡೆ ಸವೆದು ಕಬ್ಬಿಣ ಕಾಣುತ್ತಿತ್ತು. ಸ್ಟೀರಿಂಗ್ ಮೇಲಿನ ತರಿ ಹೋಗಿ ನುಣ್ಣಗಾಗಿತ್ತು. ಹೊಸ ಸೀಟ್ ಕವರ್ ಎತ್ತಿ ತೋರಿಸಿದರು, ಡ್ರೈವರ್ ಹತ್ತಿ ಇಳಿಯುವ ಕಡೆಯ ಅಂಚು ಕುಸಿದು ಹೋಗಿತ್ತು. ನಾಲ್ಕು ಟೈರು ಮೂರು ಕಂಪನಿಯದು. "41 ಸಾವಿರಕ್ಕೆ ಇಷ್ಟು ಸವೆಯುತ್ತಾ?" ಅಂತ ನನ್ನನ್ನೇ ಕೇಳಿದರು. ಆಮೇಲೆ ನಾನು ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಗಾಡಿ ನಂಬರ್ ಕೊಟ್ಟೆ. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ ಹೇಳಿದ್ದು, 2021ರಲ್ಲಿ ಕೊನೇ ಸರ್ವಿಸ್ ಆದಾಗಲೇ 78,000. ಮೀಟರ್ ತಿರುಗಿಸಿದ್ದರು, ಅಷ್ಟೇ. ಎಲ್ಲ ಕಡೆ ಹೀಗೆ ಹೇಳಲ್ಲ, ಓನರ್ ಬಂದರೆ ಮಾತ್ರ ತೋರಿಸ್ತೀವಿ ಅನ್ನುವವರೂ ಇದ್ದಾರೆ. ಹಾಗಿದ್ದರೆ ಮಾರುವವರನ್ನೇ ಕರೆದುಕೊಂಡು ಹೋಗಿ. ಬರಲ್ಲ ಅಂದರೆ ಅದೇ ಉತ್ತರ ಅಲ್ವಾ?

ಅಡ್ವಾನ್ಸ್ ವಾಪಸ್ ಕೇಳೋಕೆ ಹೋದರೆ ಅದೇ ಮಾತುಗಾರ ಈಗ ಬೇರೆ ರಾಗ. "ನಿಮಗೋಸ್ಕರ ಎರಡು ದಿನ ಗಾಡಿ ಹಿಡಿದಿಟ್ಟಿದ್ದೀವಿ, ಪಾರ್ಟಿ ಕೈ ತಪ್ಪಿತು" ಅಂದ. ಮೂರು ಸಲ ಅಲೆದೆ. ನಾಲ್ಕನೇ ಸಲ ಪೆಟ್ರೋಲ್ ಸುಟ್ಟು ಹೋಗೋದು ಬೇಡ ಅಂತ ಬಿಟ್ಟೆ. ಎಲ್ಲ ಯಾರ್ಡಿನವರೂ ಹೀಗೇ ಅಂತ ಹೇಳಲ್ಲ. ನನ್ನ ಸ್ನೇಹಿತನೊಬ್ಬ ಯಾರ್ಡಿನಿಂದಲೇ ಒಳ್ಳೆ ಆಲ್ಟೊ ತಂದು ಆರಾಮಾಗಿ ಓಡಿಸುತ್ತಿದ್ದಾನೆ. ಆದರೆ ಯಾರ್ಡಿನಲ್ಲಿ ಗಾಡಿ ಸಾಕಿದವರ ಮುಖ ನಿಮಗೆ ಕಾಣಲ್ಲ. ಕೊಟ್ಟಿಗೆ ನೋಡದೆ ಸಂತೆಯಲ್ಲಿ ಹಸು ಕೊಂಡ ಹಾಗೆ.

ಎರಡನೇದು ನನ್ನ ಭಾಮೈದ ಹಿಡಿದು ತಂದ ಡೀಸೆಲ್ ಸ್ವಿಫ್ಟ್, 2014ರದು, ಶ್ರೀರಂಗಪಟ್ಟಣದಲ್ಲಿ ಇತ್ತು. ಓಡಿಸಿದರೆ ಮಜಾ ಬರುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆ 1,248 ಸಿಸಿ ಎಂಜಿನ್ ಮೂಲದಲ್ಲಿ ಫಿಯೆಟ್‌ನದು. ಮಾರುತಿ, ಟಾಟಾ, ಫಿಯೆಟ್ ಮೂರೂ ಕಂಪನಿಯ ಗಾಡಿಗಳಲ್ಲಿ ಓಡಿದ್ದು, ಹಾಗಾಗಿ ಗೊತ್ತಿಲ್ಲದ ಮೆಕ್ಯಾನಿಕ್ಕೇ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಬಿಗಿಯಾದ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ನಿಲ್ಲಿಸಿತು, ಅದರಿಂದ ಇದಕ್ಕೆ ಇನ್ನೂ ಅಭಿಮಾನಿಗಳು ಜಾಸ್ತಿ. ರಾತ್ರಿ ಕೂತು ಲೆಕ್ಕ ಹಾಕಿದೆ. ನಾನು ತಿಂಗಳಿಗೆ ಓಡಿಸೋದು ಸಾವಿರ ಕಿಲೋಮೀಟರ್ ಆಸುಪಾಸು. ಪೆಟ್ರೋಲ್ ಗಾಡಿ ಲೀಟರಿಗೆ 17 ಕೊಟ್ಟರೆ ತಿಂಗಳಿಗೆ 6,000, ಡೀಸೆಲ್ 20 ಕೊಟ್ಟರೆ 4,500. ವರ್ಷಕ್ಕೆ 18 ಸಾವಿರ ಉಳಿತಾಯ. ಕಮ್ಮಿ ಏನಲ್ಲ. ಆದರೆ ಆ ಗಾಡಿ 1,40,000 ಓಡಿತ್ತು, ಟರ್ಬೊ ಆಗಲಿ ಇಂಜೆಕ್ಟರ್ ಆಗಲಿ ಒಂದು ಸಲ ಕೈ ಕೊಟ್ಟರೆ ಒಂದೂವರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿಗೆ ಹೋಗುತ್ತೆ. ಜೊತೆಗೆ 2029ಕ್ಕೆ ಅದರ 15 ವರ್ಷ ಮುಗಿಯುತ್ತಿತ್ತು. 15 ದಾಟಿದ ಖಾಸಗಿ ಕಾರಿನ ಆರ್‌ಸಿ ನವೀಕರಣದ ಶುಲ್ಕ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, ಎಫ್‌ಸಿ ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸುವ ಓಡಾಟ ಬೇರೆ. ದಿನಾ ನೂರು ಕಿಲೋಮೀಟರ್ ಓಡಿಸುವವರಾದರೆ ಬೇರೆ ಮಾತು. ಭಾಮೈದ ಒಂದು ವಾರ ಮುಖ ಊದಿಸಿಕೊಂಡಿದ್ದ.

ಮೂರನೇದು ಒಂದು ಸೆಡಾನ್, ಬ್ರೋಕರ್ ಮೂಲಕ ಬಂದದ್ದು, ರೇಟು ನೋಡಿದರೆ ಯಾರಿಗಾದರೂ ಬಾಯಲ್ಲಿ ನೀರು ಬರಬೇಕು. ಭಾಯ್ ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೂ ಎಳೆದರು. ಕೊನೇ ಒಂದು ಗೇಣು ಬೆಲ್ಟಿನಲ್ಲಿ ಒಣಗಿದ ಕೆಸರಿನ ಗೆರೆ. ಸೀಟಿನ ಕೆಳಗಿನ ಹಳಿ ತುಕ್ಕು. ಗಾಡಿ ನೀರಲ್ಲಿ ಮುಳುಗಿತ್ತು. 2018, 2019ರ ಮಳೆಗಾಲದಲ್ಲಿ ಕೊಡಗು ಮತ್ತು ಕೇರಳದಲ್ಲಿ ಎಷ್ಟು ಗಾಡಿ ಮುಳುಗಿದವು ಅಂತ ನಮಗೆ ಗೊತ್ತಿರೋದೇ, ಅವೆಲ್ಲ ಗುಜರಿಗೆ ಹೋಗಿರಲ್ಲ. ಮೈಸೂರು ಎರಡಕ್ಕೂ ಪಕ್ಕದ ಊರು. ಬೆಲ್ಟ್ ಎಳೆದು ನೋಡೋಕೆ ಅರ್ಧ ನಿಮಿಷ ಸಾಕು, ಎಳೀರಿ. ಹೊರ ರಾಜ್ಯದ ನಂಬರಿನ ಗಾಡಿ ಅಗ್ಗ ಅಂತ ಯಾರಾದರೂ ಹೇಳಿದರೆ, ಆ ರಾಜ್ಯದ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, ಹೊಸ ನಂಬರ್, ಎಲ್ಲ ಸೇರಿಸಿ ಆಮೇಲೆ ಅಗ್ಗವಾ ನೋಡಿ.

ಇಷ್ಟರಲ್ಲಿ ಆಷಾಢ ಬಂತು. ಅಮ್ಮ ಫೋನ್ ಮಾಡಿ, "ಆಷಾಡ ಕಳೀಲಿ ಕಣಪ್ಪ, ಈಗ ಏನೂ ತರಬ್ಯಾಡ" ಅಂದರು. ನಿಮ್ಮ ಮನೆಯಲ್ಲೂ ಇಂಥ ಅಮ್ಮ ಇರುತ್ತಾರೆ ಅಂದುಕೊಂಡಿದ್ದೇನೆ. ನಾನು ನಂಬಲ್ಲ, ಆದರೆ ಊರು ನಂಬುತ್ತೆ. ಊರೆಲ್ಲ ನಂಬೋದರಿಂದ ಆಷಾಢದಲ್ಲಿ ಗಾಡಿ ವ್ಯಾಪಾರ ಮಲಗಿರುತ್ತೆ, ಮಾರುವವರಿಗೆ ಫೋನೇ ಬರಲ್ಲ, ಚೌಕಾಸಿಗೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಆಯುಧಪೂಜೆಗೆ ಮುಂಚೆ ಹೋಗಿ ನೋಡಿ, ಅದೇ ಗಾಡಿಗೆ ಇಪ್ಪತ್ತು ಸಾವಿರ ಜಾಸ್ತಿ ಹೇಳುತ್ತಾರೆ. ಹಾಗಾಗಿ ಹುಡುಕಾಟ ಆಷಾಢದಲ್ಲಿ, ಮಾತುಕತೆ ಆಷಾಢದಲ್ಲಿ, ಗಾಡಿ ಮನೆಗೆ ಬರೋದು ಶ್ರಾವಣದಲ್ಲಿ ಅಂತ ಅಮ್ಮನ ಜೊತೆ ರಾಜಿ ಆಯಿತು.

ಮಾಡೆಲ್ ವಿಚಾರಕ್ಕೆ ಬರುತ್ತೇನೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಟಾಟಾ ಟಿಯಾಗೊ. ಗಟ್ಟಿ ಗಾಡಿ, 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಕಾರು ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ಐದಕ್ಕೆ 4 ಸ್ಟಾರ್ ಸಿಕ್ಕಿದೆ. ವ್ಯಾಗನ್ ಆರ್ ಆ ವಿಷಯದಲ್ಲಿ ತಲೆ ಎತ್ತುವ ಹಾಗಿಲ್ಲ, 2019ರಲ್ಲಿ ಬಂದ ಹೊಸ ಮಾದರಿಗೇ 2 ಸ್ಟಾರ್ ಬಂದಿತ್ತು, 2023ರಲ್ಲಿ ಬಿಗಿಯಾದ ನಿಯಮದಲ್ಲಿ ಮತ್ತೆ ಗುದ್ದಿಸಿ ನೋಡಿದಾಗ 1. ಇದನ್ನು ಮುಚ್ಚಿಡಲ್ಲ. ಆದರೆ ನನ್ನ ದುಡ್ಡಿಗೆ ಸಿಕ್ಕ ಎರಡು ಟಿಯಾಗೊ ಎರಡೂ ಟ್ಯಾಕ್ಸಿ ಓಡಿ ಬಂದ ಹಾಗಿದ್ದವು. ಚೆನ್ನಾಗಿ ಇಟ್ಟುಕೊಂಡ ವ್ಯಾಗನ್ ಆರ್, ಬಳಲಿ ಬೆಂಡಾದ ಟಿಯಾಗೊ, ಎರಡರಲ್ಲಿ ಯಾವುದು ಅಂದಾಗ ನಾನು ಮೊದಲನೇದು ಆರಿಸಿದೆ. ನೀವು ಬೇರೆ ಆರಿಸಿದರೆ ಜಗಳ ಇಲ್ಲ. ಒಂದು ಮಾತ್ರ ನೆನಪಿಡಿ. 2019ರ ಏಪ್ರಿಲ್‌ನಿಂದ ಎಲ್ಲ ಕಾರಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ತಡೆಯೋದು), ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಯಿತು. ಅದಕ್ಕಿಂತ ಹಳೇದಾದರೆ ಇದೆಯಾ ಇಲ್ಲವಾ ಕೇಳಿ ನೋಡಿಯೇ ತಗೊಳ್ಳಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ, ಎಬಿಎಸ್ ದೀಪ ಎರಡೂ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಆ ದೀಪವನ್ನೇ ಬಿಚ್ಚಿರಬಹುದು.

ಮೇಷ್ಟ್ರ ಗಾಡಿ ಸಿಕ್ಕಿದ್ದು ನಮ್ಮ ಪಕ್ಕದ ಮನೆಯವರ ನೆಂಟಸ್ತಿಕೆಯಿಂದ. ಮಂಡ್ಯದಲ್ಲಿ ನೂರಡಿ ರಸ್ತೆಯಿಂದ ಒಳಗೆ ಹೋದರೆ ಒಂದು ಹಳೇ ಮನೆ, ಮುಂದೆ ತೆಂಗಿನ ಮರ, ಮರದಿಂದ ಸಾಕಷ್ಟು ದೂರಕ್ಕೆ ಶೀಟಿನ ನೆರಳಲ್ಲಿ ಕಾರು. ತೆಂಗಿನಮರದ ಕೆಳಗೆ ಕಾರು ನಿಲ್ಲಿಸದವರು ಅಂತ ಅಲ್ಲೇ ಅರ್ಧ ಮಾರ್ಕು ಕೊಟ್ಟೆ. ಮೇಷ್ಟ್ರು ರಿಟೈರ್ ಆಗಿ ತುಂಬ ವರ್ಷ ಆಗಿದೆ. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ರಾತ್ರಿ ಓಡಿಸೋದು ಬಿಟ್ಟಿದ್ದರು, ಆಮೇಲೆ ಹಗಲಲ್ಲೂ. ಮಾರೋಕೆ ಕಾರಣ ಅಷ್ಟೇ. ಯಾಕೆ ಮಾರ್ತಿದ್ದೀರಿ ಅನ್ನೋ ಪ್ರಶ್ನೆಗೆ ಸರಳವಾದ ಉತ್ತರ ಸಿಕ್ಕಿದ್ದು ಮೂರು ತಿಂಗಳಲ್ಲಿ ಅದೇ ಮೊದಲು.

ನಾನು ಸರ್ವಿಸ್ ಬಿಲ್ಲು ಇದೆಯಾ ಸಾರ್ ಅಂತ ಕೇಳಿದೆ. ಒಳಗಿಂದ ಒಂದು ಉದ್ದನೆ ಹಾಜರಿ ಪುಸ್ತಕ ತಂದು ಮುಂದಿಟ್ಟರು. ನಿಜವಾದ ಶಾಲೆ ಹಾಜರಿ ಪುಸ್ತಕ, ನೀಲಿ ರಟ್ಟಿನದು. ಮಕ್ಕಳ ಹೆಸರು ಬರೆಯುವ ಜಾಗದಲ್ಲಿ ತಾರೀಕು, ಆಮೇಲೆ ಕಿಲೋಮೀಟರ್, ಲೀಟರ್, ರೂಪಾಯಿ, ಯಾವ ಬಂಕು, ಷರಾ. 2017ರಿಂದ ಹಾಕಿಸಿದ ಒಂದೊಂದು ಹನಿ ಪೆಟ್ರೋಲೂ ಅಲ್ಲಿದೆ. ಷರಾದಲ್ಲಿ "ಎಡ ಹಿಂದಿನ ಟೈರ್ ಪಂಚರ್", "ಮೇಲುಕೋಟೆ ವೈರಮುಡಿ, ಗಾಡಿ ಬಿಸಿಲಲ್ಲಿ" ಅಂತೆಲ್ಲ. ಒಂದು ಕಡೆ ಕೆಂಪು ಇಂಕಿನಲ್ಲಿ "ಕಬ್ಬಿನ ಟ್ರ್ಯಾಕ್ಟರ್ ಉಜ್ಜಿತು, ಮುಂದಿನ ಎಡ ಫೆಂಡರ್ ಪೇಂಟ್, ರೂ. 3,200." ನಾನು ಕೇಳುವ ಮುಂಚೆ ಅವರೇ ಆ ಫೆಂಡರ್ ತೋರಿಸಿದರು. ಮೀಟರನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಏಳು ವರ್ಷದ ಹಾಜರಿ ಪುಸ್ತಕವನ್ನು ಹೇಗೆ ತಿರುಗಿಸುತ್ತಾರೆ?

ಅಷ್ಟಾದರೂ ಭಾಯ್ ಬಿಡಲಿಲ್ಲ. ಬೆಳಗ್ಗೆ ಏಳಕ್ಕೇ ಹೋಗಿದ್ದೆವು, ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಟ್ಟಿದ್ದೆ. ಅವರು ಮೊದಲು ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯಾ ನೋಡಿದರು. ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಟ್ಟುಕೊಳ್ಳುತ್ತೆ, ತಣ್ಣಗಿರೋದು ಎಲ್ಲ ಹೇಳುತ್ತೆ ಅನ್ನೋದು ಅವರ ನಂಬಿಕೆ. ಸ್ಟಾರ್ಟ್ ಆದಾಗ ಸೈಲೆನ್ಸರ್ ಹಿಂದೆ ನಿಂತು ನೋಡಿದರು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ. ಬರಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದರು, ಅಲ್ಲಿಂದ ಬುಸುಬುಸು ಹೊಗೆ ಬಂದರೆ ಒಳಗೆ ಪಿಸ್ಟನ್ ರಿಂಗ್ ಸವೆದಿದೆ. ಅದೂ ಇಲ್ಲ. ಬಾಗಿಲುಗಳ ರಬ್ಬರ್ ಬೀಡಿಂಗ್ ಎಳೆದು ಕೆಳಗಿನ ವೆಲ್ಡಿಂಗ್ ಚುಕ್ಕೆ ನೋಡಿದರು, ಕಂಪನಿ ಹಾಕಿದ್ದಾದರೆ ಗುಂಡಗೆ ಒಂದೇ ಅಂತರದಲ್ಲಿ ಇರುತ್ತವೆ, ಅಪಘಾತ ಆಗಿ ಟಿಂಕರಿಂಗ್ ಮಾಡಿದ್ದರೆ ಅಡ್ಡಾದಿಡ್ಡಿ. ಫೆಂಡರ್ ಬೋಲ್ಟಿನ ಮೇಲೆ ಸ್ಪ್ಯಾನರ್ ಗುರುತು ಇದ್ದದ್ದು ಎಡಗಡೆ ಒಂದೇ, ಪುಸ್ತಕದಲ್ಲಿ ಇರುವ ಹಾಗೆ. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ 1117 ಅಂತ ಇತ್ತು. 2017ರ 11ನೇ ವಾರದ್ದು. ಟೈರಿನ ಬಟನ್ ಸವೆಯದೆ ಚೆನ್ನಾಗಿದ್ದರೂ ಏಳು ವರ್ಷದ ರಬ್ಬರು, ಬಿರುಕು ಬಿಟ್ಟಿತ್ತು.

ಕ್ಲಚ್ ನೋಡೋಕೆ ಒಂದು ಉಪಾಯ ಇದೆ. ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ಆಫ್ ಆದರೆ ಕ್ಲಚ್ ಸರಿ ಇದೆ. ಆಫ್ ಆಗದೆ ಗೊರ್ ಅಂತ ತಿರುಗುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಮೇಷ್ಟ್ರ ಗಾಡಿ ಆಫ್ ಆಯಿತು, ಮೇಷ್ಟ್ರು ಗಾಬರಿಯಾದರು. ಆಮೇಲೆ ನಾನು ಸ್ವಲ್ಪ ಅನುಮಾನದಿಂದಲೇ, ಸಾರ್ ಬೆಟ್ಟ ಹತ್ತಿಸಿ ನೋಡಬಹುದಾ ಅಂದೆ. ಅವರು ಒಳಗೆ ತಿರುಗಿ ಕೂಗಿದರು, "ಏ, ಚಾಮುಂಡಿ ಬೆಟ್ಟಕ್ಕೆ ಬರ್ತೀಯೇನೆ?" ಮೇಡಂ ಹಣ್ಣುಕಾಯಿ ಚೀಲ ಹಿಡಿದು ಬಂದರು. ಆಷಾಢ ಶುಕ್ರವಾರ ಆಗಿದ್ದರೆ ಖಾಸಗಿ ಗಾಡಿ ಮೇಲೆ ಬಿಡುತ್ತಿರಲಿಲ್ಲ, ಪುಣ್ಯಕ್ಕೆ ಅವತ್ತು ಬುಧವಾರ. ನಾಲ್ಕು ಜನ, ಎಸಿ ಹಾಕಿಕೊಂಡು ಬೆಟ್ಟ ಹತ್ತಿದೆವು. ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಬೇಕಾಯಿತು, ಅದು ಈ ಎಂಜಿನ್ನಿನ ತಾಕತ್ತು ಅಷ್ಟೇ ಇರೋದರಿಂದ. ಕ್ಲಚ್ ಸುಟ್ಟ ವಾಸನೆ ಇಲ್ಲ, ಹೀಟ್ ಇಲ್ಲ. ನಂದಿಗೆ ಹೋಗುವ ದಾರಿಯ ಇಳಿಜಾರಲ್ಲಿ ಹ್ಯಾಂಡ್ ಬ್ರೇಕ್ ಮೇಲೆ ನಿಲ್ಲಿಸಿ ನೋಡಿದೆವು, ಅಲ್ಲಾಡಲಿಲ್ಲ. ಮೇಡಂ ದರ್ಶನ ಮುಗಿಸಿ ಬಂದು ಗಾಡಿಗೂ ಕುಂಕುಮ ಹಚ್ಚಿದರು, ಇನ್ನೂ ರೇಟೇ ಮಾತಾಡಿರಲಿಲ್ಲ.

ರೇಟು ಅವರು ಹೇಳಿದ್ದು 3 ಲಕ್ಷದ 40. ನಾನು 3 ಅಂದೆ. "ನಾನು ಮೂವತ್ತು ವರ್ಷ ಗ್ರೇಸ್ ಮಾರ್ಕ್ಸ್ ಕೊಟ್ಟೋನಲ್ಲ" ಅಂದರು. ಸುಮ್ಮನಾಗಿದ್ದೆ. ಭಾಯ್ ಟೈರಿನ ಮೇಲಿನ ಅಂಕಿ ತೋರಿಸಿ ಲೆಕ್ಕ ಒಪ್ಪಿಸಿದರು, ನಾಲ್ಕು ಟೈರು, ಬ್ಯಾಟರಿ, ಮುಂದಿನ ಲೋಯರ್ ಆರ್ಮ್ ಬುಷ್, ಇಷ್ಟು ಬೇಕೇ ಬೇಕು ಅಂತ. ಮೇಷ್ಟ್ರು ಹಾಳೆಯ ಮೇಲೆ ಕೂಡಿ ನೋಡಿದರು. 25 ಸಾವಿರ ಆಯಿತು. ಅಷ್ಟನ್ನೂ ಕಳೆದರು. ಒಂದು ರೂಪಾಯಿ ಜಾಸ್ತಿ ಕಳೆಯಲಿಲ್ಲ.

ಕಾಗದಪತ್ರದಲ್ಲಿ ಒಂದು ಎಡವಟ್ಟು ಇತ್ತು, ಇದು ಬಹಳ ಜನರಿಗೆ ಆಗುತ್ತೆ, ಅದಕ್ಕೆ ಹೇಳುತ್ತೇನೆ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಗಾಡಿ ಮೇಲೆ ಇನ್ನೂ ಬ್ಯಾಂಕಿನ ಸಾಲದ ಎಂಟ್ರಿ ತೋರಿಸುತ್ತಿತ್ತು. ಮೇಷ್ಟ್ರು ಸಾಲ ತೀರಿಸಿ ವರ್ಷಗಳೇ ಆಗಿತ್ತು, ಆದರೆ ಆರ್‌ಟಿಒದಲ್ಲಿ ಅದನ್ನು ತೆಗೆಸಿರಲಿಲ್ಲ. ಸಾಲ ತೀರಿದರೆ ಬ್ಯಾಂಕಿನವರೇ ತೆಗೆಸುತ್ತಾರೆ ಅಂದುಕೊಂಡಿದ್ದರು. ಬ್ಯಾಂಕಿನಿಂದ ಪತ್ರ, ಸಾಲದ ಎಂಟ್ರಿ ತೆಗೆಸುವ ಫಾರಂ 35, ಇಷ್ಟಕ್ಕೆ ಎರಡು ವಾರ. ಆಷಾಢ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು, ಹೇಗೂ ಕಾಯಬೇಕಿತ್ತು. ಅದು ಮುಗಿದ ಮೇಲೆ ಗಾಡಿ ನನ್ನ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಸಹಿ, ಹಣ ಪೂರ್ತಿ ಬ್ಯಾಂಕ್ ಮೂಲಕ, ಎರಡನೇ ಕೀ ಕೈಗೆ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೆ ಇದ್ದದ್ದಕ್ಕೆ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತೆ, ನಿಮಗೆ ಬರಲ್ಲ, ಹಾಗಾಗಿ ಪ್ರೀಮಿಯಂ ಸ್ವಲ್ಪ ಏರುತ್ತೆ. ಇಲ್ಲಿ ಒಂದು ಚಿಕ್ಕ ಲಾಭ ಇದೆ. ಈ ಎಂಜಿನ್ 998 ಸಿಸಿ. ಸಾವಿರದೊಳಗೆ ಇರೋದರಿಂದ ಥರ್ಡ್ ಪಾರ್ಟಿ ಪ್ರೀಮಿಯಂ ಆಗ ವರ್ಷಕ್ಕೆ 2,094 ಇತ್ತು, ಸಾವಿರ ದಾಟಿದ್ದರೆ 3,416 ಆಗುತ್ತಿತ್ತು. ಫಾಸ್ಟ್ಯಾಗ್ ಮಾತ್ರ ನಾನು ಮರೆತೆ. ಮದ್ದೂರಿನ ಮದುವೆಗೆ ಹೋದಾಗ ಗಣಂಗೂರು ಟೋಲಿನಲ್ಲಿ ದುಡ್ಡು ಕಟ್ ಆಗಿದ್ದು ಮೇಷ್ಟ್ರ ಅಕೌಂಟಿನಿಂದ. ಐದೇ ನಿಮಿಷಕ್ಕೆ ಫೋನ್ ಬಂತು, "ಏನಯ್ಯ, ಮಂಡ್ಯ ಕಡೆ ಬಂದಿದ್ದೀಯ, ಮನೆಗ್ ಬರಲ್ವಾ?" ನಾಚಿಕೆಯಾಗಿ ಬರುವಾಗ ಹೋಗಿ ಬಂದೆ.

ಈಗ ಗಾಡಿ ಹೇಗಿದೆ ಅಂದರೆ. ಮೊದಲ ಮಾರ್ಕು ಅಮ್ಮನ ಮಂಡಿಯಿಂದ. ಸೀಟು ಎತ್ತರ, ಬಾಗಿಲು ಎತ್ತರ, ಅಮ್ಮ ಕುರ್ಚಿ ಮೇಲೆ ಕೂತ ಹಾಗೆ ಕೂತು ಕಾಲು ಒಳಗೆ ಎಳೆದುಕೊಳ್ಳುತ್ತಾರೆ, ಬಗ್ಗೋದು ಬೇಡ, ಯಾರೂ ಕೈ ಹಿಡಿಯೋದು ಬೇಡ. ಸ್ವಿಫ್ಟ್‌ನಲ್ಲಿ ಇದೇ ಅಮ್ಮ ಬಾವಿಯಿಂದ ಹತ್ತಿದ ಹಾಗೆ ಹತ್ತಿದ್ದರು. ಮನೆಯಲ್ಲಿ ವಯಸ್ಸಾದವರು ಇದ್ದರೆ ಬೇರೆ ಯಾವ ಅಂಕಿಅಂಶವೂ ನೋಡಬೇಡಿ, ಅವರನ್ನು ಒಂದು ಸಲ ಹತ್ತಿಸಿ ಇಳಿಸಿ ನೋಡಿ.

ಮೈಲೇಜ್ ಊರೊಳಗೆ 15ರಿಂದ 16, ಹೈವೇಯಲ್ಲಿ 80ರಲ್ಲಿ ಹೋದರೆ 19. ಕಂಪನಿ ಹೇಳಿದ್ದು 20.51, ಅದು ಕಾಗದದ ಮೇಲಿನ ಮಾತು. ಮೇಷ್ಟ್ರ ಪುಸ್ತಕದಲ್ಲಿ ನನಗೆ ಸಿಗೋದಕ್ಕಿಂತ ಒಂದು ಒಂದೂವರೆ ಜಾಸ್ತಿ ಇದೆ. ಅವರು ನಿಧಾನಕ್ಕೆ ಓಡಿಸುತ್ತಿದ್ದರು ಅನ್ನೋದು ಒಂದು, ಪೆಟ್ರೋಲ್‌ನಲ್ಲಿ ಈಗ ಎಥೆನಾಲ್ ಶೇ 20 ಇರೋದು ಇನ್ನೊಂದು. ಎಥೆನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಮೈಲೇಜ್ ಬಿದ್ದೇ ಬೀಳುತ್ತೆ. ಕಬ್ಬು ಬೆಳೆಯುವ ಅಪ್ಪನಿಗೆ ಇದನ್ನು ಹೇಳಿದರೆ, "ಆಗ್ಲಿ ಬುಡು, ಕಬ್ಬಿಗೆ ರೇಟ್ ಬಂದ್ರೆ ಸಾಕು" ಅಂದರು. ಈ ಗಾಡಿ ಶೇ 20ಕ್ಕೆ ಅಂತ ತಯಾರಾದದ್ದಲ್ಲ, 2023ರ ಏಪ್ರಿಲ್ ನಂತರದವು ಆ ಲೆಕ್ಕದಲ್ಲಿ ಬಂದವು. ಪೆಟ್ರೋಲ್ ಪೈಪುಗಳನ್ನು ಪ್ರತಿ ಸರ್ವಿಸ್‌ನಲ್ಲೂ ನೋಡಿಸುತ್ತೇನೆ, ಇದುವರೆಗೆ ಏನೂ ಆಗಿಲ್ಲ.

ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದರೆ ಅದರ ಗೋಜಿಗೆ ಹೋಗಬೇಕಿಲ್ಲ. ಮೂರು ಸಿಲಿಂಡರ್ ಆದ್ದರಿಂದ ಸಿಗ್ನಲ್ಲಿನಲ್ಲಿ ನಿಂತಾಗ ಸ್ವಲ್ಪ ನಡುಗುತ್ತೆ, ಒಂದು ತಿಂಗಳಲ್ಲಿ ಅಭ್ಯಾಸ ಆಗುತ್ತೆ. ಬಿಡಿಭಾಗ ಕೆ.ಆರ್. ಪೇಟೆಯಲ್ಲೂ ಸಿಗುತ್ತೆ, ಪಾಂಡವಪುರದಲ್ಲೂ ಸಿಗುತ್ತೆ.

ಇಷ್ಟವಾಗದ್ದು ಹೇಳದಿದ್ದರೆ ವಿಮರ್ಶೆ ಅಲ್ಲ. ಹಾರ್ನ್ ಆಟದ ಸಾಮಾನಿನ ಪೀಪಿ, ಕೆಎಸ್‌ಆರ್‌ಟಿಸಿ ಬಸ್ಸಿನ ಡ್ರೈವರಿಗೆ ಕೇಳಿಸುವ ಭರವಸೆ ಇಲ್ಲ. ಡಿಕ್ಕಿ ಚಿಕ್ಕದು, ಊರಿಂದ ಒಂದು ಅಕ್ಕಿ ಮೂಟೆ, ನಾಲ್ಕು ತೆಂಗಿನಕಾಯಿ ಇಟ್ಟರೆ ಮುಗಿಯಿತು. 2019ರ ನಂತರದ ಹೊಸ ಮಾದರಿಯಲ್ಲಿ 341 ಲೀಟರಿನ ದೊಡ್ಡ ಡಿಕ್ಕಿ ಕೊಟ್ಟಿದ್ದಾರೆ, ದುಡ್ಡು ಒಂದು ಲಕ್ಷ ಜಾಸ್ತಿ ಇದ್ದರೆ ಅದನ್ನೇ ನೋಡಿ. ಏಪ್ರಿಲ್ ಮಧ್ಯಾಹ್ನ ಐದು ಜನ ಕೂತರೆ ಹಿಂದಿನ ಸೀಟಿಗೆ ಎಸಿ ಸಾಲಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100 ಇದೆ, ಆದರೆ ನನ್ನ ಮಿತಿ 85. ಗಾಡಿ ಎತ್ತರ ಮತ್ತು ಹಗುರ, ಪಕ್ಕದಲ್ಲಿ ದೊಡ್ಡ ಬಸ್ಸು ಹಾದು ಹೋದರೆ ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿಯಬೇಕು. ಬೆಂಗಳೂರಿಗೆ ವಾರಕ್ಕೆರಡು ಸಲ ಹೋಗುವವರಿಗೆ ನಾನಂತೂ ಇದನ್ನು ಹೇಳಲ್ಲ. ಮೈಸೂರಿನೊಳಗೆ, ಊರಿಗೆ, ಮಂಡ್ಯಕ್ಕೆ, ಸರಿಯಾಗಿದೆ.

ಭಾಯ್ ಪಕ್ಕಕ್ಕಿಡು ಅಂದ 50 ಸಾವಿರ. ನಾಲ್ಕು ಟೈರು ಅಲೈನ್‌ಮೆಂಟ್ ಸೇರಿ 17 ಸಾವಿರ. ಲೋಯರ್ ಆರ್ಮ್ ಬುಷ್ ಕೂಲಿ ಸೇರಿ 3,500. ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್ ಎಲ್ಲ 6,000. ಇನ್ಶೂರೆನ್ಸ್, ಆರ್‌ಟಿಒ ಖರ್ಚು ಹತ್ತು ಸಾವಿರದ ಹತ್ತಿರ. 58,000 ಕಿಲೋಮೀಟರಿಗೆ ಕ್ಲಚ್ ಸೆಟ್ 7,500, ಅದು ನಾನು ನಮ್ಮ ಬೀದಿಯ ಹುಡುಗನಿಗೆ ಡ್ರೈವಿಂಗ್ ಕಲಿಸಿದ್ದರ ಫಲ. ಬ್ಯಾಟರಿ ಆಗಲೇ ಹಾಕಿಸು ಅಂದಿದ್ದರು, ಇನ್ನೂ ಸ್ವಲ್ಪ ದಿನ ಓಡಲಿ ಅಂತ ನಾನು ಮುಂದೆ ಹಾಕಿದೆ. ನಂಜನಗೂಡಿನಲ್ಲಿ ದೇವಸ್ಥಾನದಿಂದ ಹೊರಗೆ ಬಂದು ಕೀ ತಿರುಗಿಸಿದರೆ ಟಿಕ್ ಟಿಕ್ ಅಂತ ಸದ್ದು ಅಷ್ಟೇ. ಕೈ ಕೊಟ್ಟಿತು ಅಂದೆನಲ್ಲ, ಅದು ಇದೇ. ಕಬಿನಿಯಲ್ಲಿ ಸ್ನಾನ ಮಾಡಿ ಬರುತ್ತಿದ್ದ ನಾಲ್ಕು ಜನ ಒದ್ದೆ ಪಂಚೆಯಲ್ಲೇ ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಅಮ್ಮ ಒಳಗೇ ಕೂತು ನಂಜುಂಡೇಶ್ವರನಿಗೆ ಹರಕೆ ಹೊತ್ತರು. ವಾಪಸ್ ಬರುವ ದಾರಿಯಲ್ಲೇ 4,200 ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ.

ಒಟ್ಟು 48 ಸಾವಿರದ ಮೇಲಾಯಿತು. ಭಾಯ್‌ಗೆ ಈ ಲೆಕ್ಕ ಹೇಳಿದೆ. ಅವರು, "ನೋಡಪ್ಪ, ಇನ್ನೂ ಸಾವಿರದ ಮೇಲೆ ಉಳಿದಿದೆ, ಹಾರ್ನ್ ಬದಲಾಯಿಸೋಣ" ಅಂದರು.

ಹಾಜರಿ ಪುಸ್ತಕವನ್ನು ಮೇಷ್ಟ್ರು ಗಾಡಿ ಜೊತೆಗೇ ಕೊಟ್ಟರು, ನಾನೂ ಅದರಲ್ಲೇ ಬರೆಯುತ್ತಿದ್ದೇನೆ. ಒಂದೆರಡು ಸಲ ತಪ್ಪಿದೆ, ಆ ಜಾಗದಲ್ಲಿ ಮಗಳು ಗೈರುಹಾಜರಿ ಅಂತ ಬರೆದಿದ್ದಾಳೆ. ಇನ್ನು ಆಗಬೇಕಾದದ್ದು ಹಿಂದಿನ ಬಲ ಬಾಗಿಲಿನ ಬೀಡಿಂಗ್, ಜೋರು ಮಳೆ ಬಂದರೆ ಒಳಗೆ ನೀರು ಜಿನುಗುತ್ತೆ. ಹಳೇ ಮಾದರಿಯದು ಅಂತ ಎರಡು ಅಂಗಡಿಯಲ್ಲಿ ಇಲ್ಲ ಅಂದರು. ಮೈಸೂರು ಅಥವಾ ಮಂಡ್ಯದಲ್ಲಿ ಒರಿಜಿನಲ್ ಬೀಡಿಂಗ್ ಸಿಗುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.